ಹುತಾತ್ಮ ಮೈಲಾರ ಮಹಾದೇವಪ್ಪನವರು

ಬೆಂಗಳೂರಿನಿಂದ ತುಮಕೂರು, ಚಿತ್ರದುರ್ಗ, ದಾವಣಗೆರೆ, ಹರಿಹರಗಳ ಮೇಲೆ ಪುಣೆಯ ಕಡೆಗೆ ಸಾಗುವ ಹೆದ್ದಾರಿಯು ತುಂಗಭದ್ರೆಯನ್ನು ದಾಟಿ, ರಾಣೆಬೆನ್ನೂರನ್ನು ಹಿಂದಕ್ಕೆ ಬಿಟ್ಟು, ಹಾವೇರಿಯನ್ನು ಸೇರುವುದಕ್ಕೆ ಮುಂಚೆ ಮೋಟೆಬೆನ್ನೂರೆಂಬ ಊರನ್ನು ಹಾದುಹೋಗುತ್ತದೆ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಲ್ಲಿ ನೆಲೆಸಿರುವ ಶ್ರೀಮಠದ ಸದ್ಭಕ್ತರಲ್ಲಿ ಅನೇಕರು ಹುಬ್ಬಳ್ಳಿ ಧಾರವಾಡಗಳ ಬಂಧುಗಳ ಮನೆಯ ಮಂಗಲಕಾರ್ಯಗಳಿಗೂ ಉಳವಿಯ ಜಾತ್ರೆಗೂ ಇದೇ ದಾರಿಯಲ್ಲಿ ಹೋಗಿಬಂದಿರುವರು. ರಾತ್ರಿಯ ಬಸ್ಸಿನಲ್ಲಿ ನಿದ್ರೆಯಲ್ಲಿಯೇ ಆ ಊರನ್ನು ಕಳೆದವರೇ ಹೆಚ್ಚು. ಈ ಊರಿನಲ್ಲಿ ಹುಟ್ಟಿದ ಒಬ್ಬ ತರುಣನು ತನ್ನ ಹದಿನೆಂಟನೆಯ ವಯಸ್ಸಿನಲ್ಲಿ ಮಹಾತ್ಮಾ ಗಾಂಧಿಯವರ ಹಿಂದೆ ೨೪೧ ಮೈಲು ನಡೆದು, ಮೂವತ್ತೊಂದನೆಯ ವಯಸ್ಸಿನಲ್ಲಿ ಗುಂಡಿಗೆ ಎದೆಯೊಡ್ಡಿದನು. ಆತನೇ ಹುತಾತ್ಮ ಮೈಲಾರ ಮಹಾದೇವಪ್ಪನವರು. ಅವರು ಗೃಹಸ್ಥರಾಗಿದ್ದರು, ೧೯೩೦, ೧೯೩೨, ೧೯೪೨ ಎಂಬ ಮೂರು ಸಮರಗಳನ್ನು ಕಂಡ ಯೋಧರಾಗಿದ್ದರು, ದೂರದ ದಾರಿಯನ್ನು ನಡೆದು ಗೆದ್ದ ಪಾದಚಾರಿಯಾಗಿದ್ದರು. ಮನೆಯೊಂದು ಕಡೆ, ದೇಶವೊಂದು ಕಡೆ ಎಂದು ಎಳೆದಾಡುವ ನಮ್ಮಂಥ ಸಂಸಾರಿಗಳು ಈ ಚರಿತೆಯನ್ನು ಶ್ರೀಮಠದ ಮಹೋತ್ಸವದ ಈ ಸಂಚಿಕೆಯಲ್ಲಿ ಒಮ್ಮೆ ನೆನೆಯುವುದು ಉಚಿತವಾಗಿದೆ.

ಮಹಾದೇವಪ್ಪನವರು ಜನಿಸಿದ್ದು ೧೯೧೧ನೆಯ ಇಸವಿ ಜೂನ್ ೮ರಂದು. ತಂದೆ ಮಾರ್ತಾಂಡಪ್ಪನವರು, ತಾಯಿ ಬಸಮ್ಮನವರು. ಮೈಲಾರವೆಂಬ ಮನೆತನದ ಹೆಸರೂ ಮಾರ್ತಾಂಡನೆಂಬ ತಂದೆಯ ಹೆಸರೂ ತುಂಗಭದ್ರೆಯ ಆಚೆಯ ದಡದಲ್ಲಿರುವ ಮೈಲಾರಲಿಂಗನನ್ನೇ ನೆನಪಿಗೆ ತರುತ್ತವೆ. ಆ ಸೀಮೆಯ ರೈತಾಪಿ ಮನೆಗಳಲ್ಲಿ ಈ ದೈವದ ಹೆಸರು ಮಕ್ಕಳಿಗೆ ಬರುವುದು ಹಳೆಯ ವಾಡಿಕೆ. ಆ ಕಾಲಕ್ಕೆ ಹಾವೇರಿ ಸೀಮೆಯು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿ ಸೇರಿತ್ತು. ಹಾವೇರಿಯು ಪ್ರತ್ಯೇಕ ಜಿಲ್ಲೆಯಾದದ್ದು ೧೯೯೭ರಲ್ಲಿ. ಈ ನೆಲದ ಪುಣ್ಯವನ್ನು ಭಕ್ತರಿಗೆ ವಿಸ್ತರಿಸಿ ಹೇಳಬೇಕಾದುದಿಲ್ಲ. ಏಕಾಂತದ ರಾಮಯ್ಯಗಳ ಅಬಲೂರು ಇಲ್ಲಿಯದು. ಅಂಬಿಗರ ಚೌಡಯ್ಯಗಳ ಹೆಸರನ್ನು ಹೊತ್ತ ಚೌಡಯ್ಯದಾನಪುರ ಇಲ್ಲಿಯದು. ಕನಕದಾಸರ ಬಾಡವೂ ಶಿಶುನಾಳ ಶರೀಫ ಸಾಹೇಬರ ಶಿಶುನಾಳವೂ ಇಲ್ಲಿಯವೇ. ಆಡಿದ ಮಾತನ್ನು ನಡೆಯಲ್ಲಿ ತೋರಿಸಲೇಬೇಕೆಂದು ಹಟ ಹಿಡಿದವರ ನಾಡು ಅದು.

ಅವರ ಬಾಲ್ಯದ ವರ್ಷಗಳು ಕರ್ನಾಟಕವು ಎಚ್ಚರಗೊಂಡ ವರ್ಷಗಳು. ಹರ್ಡೇಕರ ಮಂಜಪ್ಪನವರು ದಾವಣಗೆರೆಯ ವಿರಕ್ತಮಠದ ಮೃತ್ಯುಂಜಯ ಸ್ವಾಮಿಗಳ ಆಶ್ರಯದಲ್ಲಿ ಬಸವಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆರಂಭಿಸಿದ್ದು ೧೯೧೩ರಲ್ಲಿ. ಆಗ ಮಹಾದೇವಪ್ಪನವರು ಎರಡು ವರ್ಷದ ಕೂಸು. ಅದೇ ಮಂಜಪ್ಪನವರು ಮುಂದೆ ಖಾದಿಯನ್ನೂ ಬ್ರಹ್ಮಚರ್ಯವನ್ನೂ ರಾಷ್ಟ್ರಸೇವೆಯನ್ನೂ ಬಸವಣ್ಣನವರ ಕಾಯಕತತ್ತ್ವದೊಡನೆ ಹೆಣೆದು ಊರೂರಲ್ಲಿ ಬೋಧಿಸಿ, ಕರ್ನಾಟಕದ ಗಾಂಧಿಯೆಂದು ಹೆಸರಾದರು. ೧೯೨೪ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ಸು ಮಹಾತ್ಮರ ಅಧ್ಯಕ್ಷತೆಯಲ್ಲಿ ನಡೆಯಿತು. ೧೯೨೭ರಲ್ಲಿ ದೇಹಾಲಸ್ಯದಿಂದ ನಂದಿಬೆಟ್ಟದಲ್ಲಿಯೂ ಅನಂತರ ಬೆಂಗಳೂರಿನ ಕುಮಾರಪಾರ್ಕಿನಲ್ಲಿಯೂ ವಿಶ್ರಮಿಸಿದ ಮಹಾತ್ಮರು ಅದೇ ಜುಲೈ ತಿಂಗಳಲ್ಲಿ ಬೆಂಗಳೂರಿನ ಖಾದಿ ಪ್ರದರ್ಶನವನ್ನು ನಡೆಯಿಸಿಕೊಟ್ಟರು. ಸಂಸ್ಥಾನದ ಕನ್ನಡಿಗರಿಗೂ ಮುಂಬಯಿ ಸರ್ಕಾರದ ಕೆಳಗಿದ್ದ ಕನ್ನಡಿಗರಿಗೂ ಆಳುವವರು ಬೇರೆಯಾಗಿದ್ದರು. ರಾಟೆಯ ಸದ್ದು ಮಾತ್ರ ಎರಡೂ ಕಡೆ ಒಂದೇ ಆಗಿ ಕೇಳಿಬರಹತ್ತಿತ್ತು. ಮೋಟೆಬೆನ್ನೂರಿನ ಹುಡುಗನ ಕಿವಿಗೂ ಅದು ಬಿದ್ದಿತು. ಓದನ್ನು ಮುಂದುವರಿಸಿ ಸರ್ಕಾರದ ಚಾಕರಿಯನ್ನು ಹಿಡಿಯುವ ದಾರಿಯನ್ನು ಬಿಟ್ಟು, ಖಾದಿಯ ಕೆಲಸವನ್ನು ನೆಲೆಯಲ್ಲಿಯೇ ಕಲಿಯಬೇಕೆಂದು ಅವರು ಗುಜರಾತಿನ ಸಾಬರಮತಿ ಆಶ್ರಮವನ್ನು ಸೇರಿದರು.

ಆಶ್ರಮದ ಜೀವನವು ಸುಲಭವಾದುದಾಗಿರಲಿಲ್ಲ. ಬೆಳಗಿನ ಜಾವದಲ್ಲಿ ಏಳುವುದು, ಪ್ರಾರ್ಥನೆ, ನೂಲುವುದು, ನೇಯುವುದು, ಕಕ್ಕಸು ಗುಡಿಸುವುದು, ಅಡಿಗೆಯ ಸರದಿ. ಯಾವ ಕೆಲಸವೂ ಕೀಳಲ್ಲವೆಂಬುದನ್ನು ಬಾಯಿಯಿಂದ ಹೇಳಿ ಮುಗಿಸುವ ಅವಕಾಶ ಅಲ್ಲಿ ಯಾರಿಗೂ ಇರಲಿಲ್ಲ. ಶರಣರ ಕಾಯಕದ ಕಥೆಗಳನ್ನು ಕೇಳಿ ಬೆಳೆದ ಕನ್ನಡದ ತರುಣನಿಗೆ ಈ ಶಿಸ್ತು ಪರಕೀಯವೆನಿಸಿರಲಾರದು. ೧೯೩೦ರ ಮಾರ್ಚಿಯಲ್ಲಿ ಉಪ್ಪಿನ ಕಾಯಿದೆಯನ್ನು ಮುರಿಯುವುದಕ್ಕಾಗಿ ಸಮುದ್ರತೀರಕ್ಕೆ ನಡೆದುಹೋಗುವ ನಿಶ್ಚಯವಾದಾಗ, ಮಹಾತ್ಮರು ಹೊರಗಿನ ದೊಡ್ಡ ದೊಡ್ಡ ಮುಂದಾಳುಗಳನ್ನು ಕರೆಯದೆ, ಆಶ್ರಮದ ಶಿಸ್ತಿನಲ್ಲಿ ಪಳಗಿದ ತಮ್ಮವರನ್ನೇ ಆರಿಸಿಕೊಂಡರು. ಮಹಾತ್ಮರೊಡನೆ ಹೊರಟ ಎಪ್ಪತ್ತೆಂಟು ಮಂದಿಯ ಆ ಪಟ್ಟಿಯಲ್ಲಿ ಗುಜರಾತಿನವರೂ ಮಹಾರಾಷ್ಟ್ರದವರೂ ಬಹು ಮಂದಿ; ಪಂಜಾಬ, ಸಿಂಧ, ಕೇರಳ, ನೇಪಾಳಗಳಿಂದ ಬಂದವರೂ ಇದ್ದರು. ಕರ್ನಾಟಕದ ಹೆಸರಿನ ಮುಂದೆ ಇದ್ದದ್ದು ಒಂದೇ ಹೆಸರು: ಮಹಾದೇವ ಮಾರ್ತಾಂಡ, ವಯಸ್ಸು ೧೮. ಆ ಕಡೆಯ ಪದ್ಧತಿಯಂತೆ ತಂದೆಯ ಹೆಸರನ್ನು ಮುಂದೆ ಜೋಡಿಸಿ ಬರೆದಿದ್ದರಿಂದ ಮೈಲಾರವೆಂಬ ಮನೆಯ ಹೆಸರು ಅಲ್ಲಿ ಕಾಣುವುದಿಲ್ಲ. ಆ ತಂಡದಲ್ಲಿ ಹದಿನಾರು ವರ್ಷದ ಬಾಲಕನಿಂದ ಮೊದಲ್ಗೊಂಡು ಅರವತ್ತರ ಮಹಾತ್ಮರವರೆಗೆ ಎಲ್ಲ ಪ್ರಾಯದವರೂ ಇದ್ದರು. ಮಹಾದೇವಪ್ಪನವರೇ ಎಲ್ಲರಿಗಿಂತ ಕಿರಿಯರೆಂದು ಕೆಲವರು ಹೇಳುವುದುಂಟು. ಅದು ಅಭಿಮಾನದ ಮಾತು, ಸತ್ಯವಲ್ಲ. ಇಡೀ ಕನ್ನಡನಾಡಿನ ಪರವಾಗಿ ಅವರೊಬ್ಬರೇ ನಡೆದರೆಂಬ ಸತ್ಯಕ್ಕೆ ಆ ಅಲಂಕಾರದ ಅಗತ್ಯವೂ ಇಲ್ಲ.

ಮಾರ್ಚ್ ೧೨ರ ಬೆಳಗ್ಗೆ ಸಾಬರಮತಿಯಿಂದ ತಂಡವು ಹೊರಟಿತು. ಹೆಗಲಿಗೆ ಒಂದು ಜೋಳಿಗೆ. ಅದರಲ್ಲಿ ಹಾಸಿಗೆಬಟ್ಟೆ, ಮಾರ್ಬಟ್ಟೆ, ನೂಲುವ ತಕಲಿ, ದಿನಚರಿಯ ಪುಸ್ತಕ. ಪ್ರತಿಯೊಬ್ಬನೂ ದಿನಾಲು ನೂಲಬೇಕು, ಪ್ರಾರ್ಥಿಸಬೇಕು, ದಿನಚರಿ ಬರೆಯಬೇಕು. ಈ ಮೂರು ನಿಯಮಗಳಿಗೆ ದಾರಿಯ ಆಯಾಸವು ವಿನಾಯಿತಿಯಾಗಿರಲಿಲ್ಲ. ಬೆಳಗ್ಗೆ ಒಂದು ಹಂತ, ಸಂಜೆ ಒಂದು ಹಂತವಾಗಿ ದಿನಕ್ಕೆ ಹತ್ತು ಹನ್ನೆರಡು ಮೈಲು ನಡೆಯುವುದು. ಸೋಮವಾರ ವಿಶ್ರಾಂತಿ, ಅಂದು ಮಹಾತ್ಮರ ಮೌನ. ಮಹಾತ್ಮರಿಗಾಗಿ ಒಂದು ಕುದುರೆಯು ಜೊತೆಯಲ್ಲಿ ಬರುತ್ತಿದ್ದರೂ ಅವರು ಅದನ್ನೇರಲಿಲ್ಲ. ಅರವತ್ತು ವರ್ಷದ ವೃದ್ಧರು ಮುಂದೆ ಬಿರುನಡಿಗೆಯಿಂದ ಸಾಗುತ್ತಿರಲಾಗಿ, ಹದಿನೆಂಟು ವರ್ಷದವರು ಹಿಂದೆ ಬೀಳುವುದು ಹೇಗೆ? ಆದರೂ ಕಾಲು ಬೊಬ್ಬೆಯೆದ್ದವರೂ ಜ್ವರ ಬಂದವರೂ ಇರದೆ ಹೋಗಲಿಲ್ಲ.

ಇಂದು ಲಾಲ್‌ಬಾಗಿನಲ್ಲಿಯೂ ಕಬ್ಬನ್ ಪಾರ್ಕಿನಲ್ಲಿಯೂ ಬೆಳಗಿನ ಜಾವದಲ್ಲಿ ಓಟವನ್ನು ಅಭ್ಯಾಸಮಾಡತಕ್ಕ ತರುಣರು ಈ ದೂರವನ್ನು ತಮ್ಮ ಲೆಕ್ಕದಲ್ಲಿ ಅರಿಯಬಯಸಿದರೆ ಹೀಗೆ ಹೇಳಬಹುದು. ೨೪೧ ಮೈಲೆಂದರೆ ಸುಮಾರು ೩೮೮ ಕಿಲೋಮೀಟರು. ಒಂಬತ್ತು ಮ್ಯಾರಥಾನ್ ಓಟಗಳ ಉದ್ದ. ಚಾಮರಾಜಪೇಟೆಯಿಂದ ಹೊರಟವನು ಮೋಟೆಬೆನ್ನೂರು, ಹಾವೇರಿಗಳನ್ನು ದಾಟಿ ಹುಬ್ಬಳ್ಳಿಯ ಸಮೀಪಕ್ಕೆ ಕಾಲ್ನಡಿಗೆಯಲ್ಲಿ ಹೋದಷ್ಟಾಗುತ್ತದೆ. ಅದೂ ಗುಜರಾತಿನ ಬೇಸಿಗೆಯ ಮೊದಲ ಬಿಸಿಲಿನಲ್ಲಿ, ಧೂಳಿನಲ್ಲಿ, ಪ್ರತಿ ಊರಿನಲ್ಲಿಯೂ ಸಾವಿರಾರು ಜನರ ಮುಂದೆ. ಓಟದಲ್ಲಿ ಗೆಲ್ಲತಕ್ಕವನು ತನ್ನೊಬ್ಬನ ಉಸಿರನ್ನು ನೋಡಿಕೊಂಡರಾಯಿತು. ಇಲ್ಲಿಯಾದರೋ ಒಬ್ಬನ ನಡೆಯಲ್ಲಿ ತಪ್ಪು ಕಂಡರೆ ಇಡೀ ತಂಡದ ಮಾನ ಹೋಗುವಂತಿತ್ತು.

ತಂಡವು ನಡಿಯಾದ, ಆಣಂದ, ಬೋರಸದಗಳ ಮೇಲೆ ಮಹೀ ನದಿಯ ದಡದ ಕನಕಾಪುರವನ್ನು ಸೇರಿತು. ಅಲ್ಲಿ ರಾತ್ರಿಯ ಹೊತ್ತು ಕೆಸರಿನಲ್ಲಿಯೂ ದೋಣಿಯಲ್ಲಿಯೂ ನದಿಯನ್ನು ದಾಟಬೇಕಾಯಿತು. ನದಿಯ ಮುಖವು ಸಮುದ್ರಕ್ಕೆ ಹತ್ತಿರವಾದುದರಿಂದ ಉಬ್ಬರವಿಳಿತಗಳಿಗೆ ತಕ್ಕಂತೆ ನೀರು ಏರಿ ಇಳಿಯುವುದು. ಕೆಸರಿನಲ್ಲಿ ಮೊಣಕಾಲವರೆಗೆ ಹೂತ ಕಾಲನ್ನು ಕಿತ್ತು ಕಿತ್ತು ಇಡಬೇಕು. ವರದಾ, ತುಂಗಭದ್ರೆಗಳ ನೀರನ್ನು ಕಂಡು ಬೆಳೆದ ಹುಡುಗನಿಗೂ ಅದು ಹೊಸತಾಗಿತ್ತು. ಮಾರ್ಚ್ ೨೬ಕ್ಕೆ ಭರೂಚ, ನರ್ಮದೆಯನ್ನು ದಾಟಿ ಮುಂದೆ ಏಪ್ರಿಲ್ ೧ಕ್ಕೆ ಸೂರತ್ತು, ೩ಕ್ಕೆ ನವಸಾರಿ.

ಈ ದಾರಿಯಲ್ಲಿ ಭಟಗಾಂವ ಎಂಬ ಹಳ್ಳಿಯಲ್ಲಿ ಮಾರ್ಚ್ ೨೯ರಂದು ನಡೆದ ಒಂದು ಸಂಗತಿಯು ನಮ್ಮ ಭಕ್ತರಿಗೆ ವಿಶೇಷವಾಗಿ ತಿಳಿದಿರಬೇಕಾದುದು. ರಾತ್ರಿಯ ನಡಿಗೆಗೆ ಬೆಳಕಿಗಾಗಿ ಊರವರು ಗ್ಯಾಸ್ ಲೈಟುಗಳನ್ನು ಏರ್ಪಡಿಸಿದ್ದರು. ಆ ಭಾರವಾದ ದೀಪವನ್ನು ತಲೆಯ ಮೇಲೆ ಹೊತ್ತು ಒಬ್ಬ ಬಡ ಕೂಲಿಯು ತಂಡದೊಡನೆ ಬೇಗಬೇಗನೆ ಹೆಜ್ಜೆ ಹಾಕುವಂತೆ ಅವನನ್ನು ಅವಸರಪಡಿಸಲಾಗುತ್ತಿತ್ತು. ತಂಡದವರಿಗೆಂದು ಸೂರತ್ತಿನಿಂದ ಹಾಲು, ಕಾಯಿಪಲ್ಲೆಗಳನ್ನು ವಾಹನದಲ್ಲಿ ತರಿಸುವುದೂ ನಡೆದಿತ್ತು. ಮಹಾತ್ಮರು ಅಂದಿನ ಸಭೆಯಲ್ಲಿ ಇತರರನ್ನಲ್ಲ, ತಮ್ಮನ್ನೂ ತಮ್ಮ ತಂಡವನ್ನೂ ಕಟುವಾಗಿ ಖಂಡಿಸಿದರು. ಬಡವರ ಹೆಸರಿನಲ್ಲಿ ಬಡವನ ತಲೆಯ ಮೇಲೆ ಭಾರವಿಡುವುದಾದರೆ ಉಪ್ಪಿನ ತೆರಿಗೆಯನ್ನು ಬೈಯುವುದಕ್ಕೆ ತಮಗೆ ಯಾವ ಅಧಿಕಾರವಿದೆಯೆಂಬುದು ಆ ಮಾತಿನ ಸಾರ. ದಾಸೋಹವೆಂಬುದನ್ನು ಉಂಡು ಉಣಿಸುವುದೆಂದಷ್ಟೇ ತಿಳಿದವರಿಗೆ ಇದರಲ್ಲಿ ಯೋಚಿಸಬೇಕಾದುದು ಬಹಳವುಂಟು. ಮಹಾದೇವಪ್ಪನವರು ಆ ರಾತ್ರಿ ಆ ತಂಡದಲ್ಲಿದ್ದರು. ಮುಂದೆ ಊರಿಗೆ ಬಂದು ಅವರು ಹಿಡಿದ ಕೆಲಸದ ಬೀಜವನ್ನು ದಂಡಿಯ ಉಪ್ಪಿನಲ್ಲಿ ಹುಡುಕುವುದಕ್ಕಿಂತ ಭಟಗಾಂವದ ದೀಪದಲ್ಲಿ ಹುಡುಕುವುದು ಸರಿಯೆಂದು ಈ ಲೇಖಕನಿಗೆ ತೋರುತ್ತದೆ.

ಏಪ್ರಿಲ್ ೫ರಂದು ದಂಡಿಯನ್ನು ಮುಟ್ಟಿ, ಮರುದಿನ ಬೆಳಗ್ಗೆ ಮಹಾತ್ಮರು ಉಪ್ಪನ್ನೆತ್ತಿದ್ದು ಲೋಕಪ್ರಸಿದ್ಧ. ಒಂದು ವಾರದಲ್ಲಿ, ಏಪ್ರಿಲ್ ೧೩ರಂದು, ನಮ್ಮ ಅಂಕೋಲೆಯ ತೀರದಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಕರ್ನಾಟಕವೂ ಉಪ್ಪಿನ ಕಾಯಿದೆಯನ್ನು ಮುರಿಯಿತು. ಮಹಾದೇವಪ್ಪನವರಿಗೆ ಆ ಸತ್ಯಾಗ್ರಹದ ಫಲವಾಗಿ ಸೆರೆಮನೆ ದೊರೆಯಿತು.

ಇನ್ನು ಅವರ ಗೃಹಸ್ಥಜೀವನದ ಮಾತು. ಅವರ ಧರ್ಮಪತ್ನಿ ಸಿದ್ದಮ್ಮನವರು. ದಂಡಿಯ ನಡಿಗೆಗೆ ಮಹಾತ್ಮರು ಸ್ತ್ರೀಯರನ್ನು ಕರೆದುಕೊಳ್ಳಲಿಲ್ಲ. ಸ್ವಂತ ಮಗ ಮಣಿಲಾಲ, ಮೊಮ್ಮಗ ಕಾಂತಿಲಾಲರು ಜೊತೆಯಲ್ಲಿ ನಡೆದರು, ಕಸ್ತೂರಬಾ ನಡೆಯಲಿಲ್ಲ. ಸ್ತ್ರೀಯರಿಗೆಂದು ಹೆಂಡದಂಗಡಿ, ವಿದೇಶೀ ಬಟ್ಟೆಯಂಗಡಿಗಳ ಮುಂದೆ ನಿಲ್ಲುವ ಕೆಲಸವನ್ನು ಅವರು ಅದೇ ಏಪ್ರಿಲಿನಲ್ಲಿ ಬೇರೆಯಾಗಿ ಗೊತ್ತುಮಾಡಿದರು. ಆ ಕಾಲದ ಎಷ್ಟೋ ದೇಶಭಕ್ತರ ಮನೆಗಳಲ್ಲಿ ಗಂಡನು ಸೆರೆಮನೆಗೆ ಹೋಗುವನು, ಹೆಂಡತಿಯು ಅತ್ತೆಮಾವಂದಿರ ಆರೈಕೆಯಲ್ಲಿ ಕಣ್ಣೀರನ್ನು ಒರಸಿಕೊಂಡು ಮನೆಯಲ್ಲುಳಿಯುವಳು. ಮೈಲಾರದವರ ಮನೆಯಲ್ಲಿ ಹಾಗಾಗಲಿಲ್ಲ. ಸಿದ್ದಮ್ಮನವರೂ ಸಾಬರಮತಿಯ ಆಶ್ರಮಕ್ಕೆ ಹೋಗಿ, ಗಂಡನಂತೆಯೇ ಆ ಶಿಸ್ತಿಗೆ ಒಳಗಾಗಿ, ಸತ್ಯಾಗ್ರಹದಲ್ಲಿ ಸೇರಿ ತಾವೂ ಸೆರೆಮನೆಯನ್ನು ಕಂಡರು. ಧಾರವಾಡ ಸೀಮೆಯ ಹಳ್ಳಿಯಿಂದ ಹೊರಟ ಹರೆಯದ ಹೆಣ್ಣುಮಗಳು, ಭಾಷೆ ಬಾರದ ದೂರದ ಗುಜರಾತಿನಲ್ಲಿ, ಆ ಕಾಲದಲ್ಲಿ ಹೀಗೆ ನಿಲ್ಲುವುದು ಸಾಮಾನ್ಯವಾದ ಧೈರ್ಯವೆ? ಮಹಾದೇವಪ್ಪನವರ ಶೌರ್ಯವನ್ನು ಹಾಡುವ ನಮ್ಮವರು ಸಿದ್ದಮ್ಮನವರ ಹೆಸರನ್ನು ಅರ್ಧ ವಾಕ್ಯದಲ್ಲಿ ಮುಗಿಸಿಬಿಡುವುದು ನ್ಯಾಯವಲ್ಲ.

ಕಲ್ಯಾಣದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆಯನ್ನು ಭಕ್ತರೆಲ್ಲ ಬಲ್ಲರು. ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ ಲಕ್ಕಮ್ಮನವರು ಅದನ್ನು ಒಲ್ಲದೆ, ತಂದಲ್ಲಿಯೇ ಸುರಿದುಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದರು. ಸಂಸಾರವೆಂಬುದು ಗುರಿಗೆ ಅಡ್ಡಿಯಲ್ಲ, ಗುರಿಯನ್ನು ತಪ್ಪದಂತೆ ಕಾಯುವ ಕಾವಲೆಂದು ಅವರು ನಡೆದು ತೋರಿಸಿದರು. ಸತಿಪತಿಗಳ ಏಕಭಾವವೆಂಬ ಮಾತನ್ನು ನಾವು ಮದುವೆಯ ಮಂಟಪದಲ್ಲಿ ಆಶೀರ್ವಾದವಾಗಿ ಹೇಳಿ ಮರೆಯುತ್ತೇವೆ. ಮೋಟೆಬೆನ್ನೂರಿನ ಈ ದಂಪತಿಗಳಿಗೆ ಅದು ಸೆರೆಮನೆಯ ಎರಡು ಬೇರೆ ಬೇರೆ ಕೋಣೆಗಳಲ್ಲಿ ಸಾಧಿಸಬೇಕಾದ ವ್ರತವಾಯಿತು. ಮನೆಯವರಲ್ಲಿ ಅನುರಾಗವುಳ್ಳವನೆಂದು ಹೇಳಬೇಕಾದರೆ ಈ ಲೇಖಕನು ಮಹಾದೇವಪ್ಪನವರನ್ನೇ ಹೇಳುವನು; ಏಕೆಂದರೆ ಅವರು ತಮ್ಮ ಬಾಳಿನಲ್ಲಿ ಅತ್ಯಂತ ದೊಡ್ಡದೆಂದು ತಿಳಿದದ್ದರಿಂದ ಹೆಂಡತಿಯನ್ನು ಹೊರಗಿಡಲಿಲ್ಲ.

೧೯೩೨ರ ಆರಂಭದಲ್ಲಿ ಮಹಾತ್ಮರ ದಸ್ತಗಿರಿಯಾಗಿ ಸತ್ಯಾಗ್ರಹವು ಮರಳಿ ಹೊತ್ತಿಕೊಂಡಾಗ ಅವರು ಮತ್ತೆ ಅದರೊಳಕ್ಕೆ ಧುಮುಕಿದರು. ೧೯೩೩ರಲ್ಲಿ ಸಾಬರಮತಿಯ ಆಶ್ರಮವನ್ನು ಮಹಾತ್ಮರೇ ವಿಸರ್ಜಿಸಿದರು. ಅಲ್ಲಿ ಪಳಗಿದವರು ನಾನಾ ದಿಕ್ಕುಗಳಲ್ಲಿ ಹಳ್ಳಿಗಳನ್ನು ಸೇರಿಕೊಳ್ಳಬೇಕೆಂಬುದು ಆ ಕಾಲದ ಕರೆಯಾಗಿತ್ತು. ಮಹಾದೇವಪ್ಪನವರು ತಮ್ಮ ಸೀಮೆಗೆ ಬಂದು, ವರದಾ ನದಿಯ ಸೀಮೆಯ ಕೊರಡೂರಿನಲ್ಲಿ ಗ್ರಾಮಸೇವೆಯ ಆಶ್ರಮವನ್ನು ಕಟ್ಟಿದರು. ಖಾದಿ, ಊರಿನ ಸ್ವಚ್ಛತೆ, ಅಕ್ಷರಾಭ್ಯಾಸ, ಅಸ್ಪೃಶ್ಯತೆಯ ನಿವಾರಣೆ, ಇವು ಇಂಥ ಆಶ್ರಮಗಳ ನಿತ್ಯದ ಕೆಲಸಗಳು. ಈ ವರ್ಷಗಳಲ್ಲಿ ಪತ್ರಿಕೆಗಳು ಬರೆಯುವಂಥದು ಏನೂ ನಡೆಯಲಿಲ್ಲ. ದಂಡಿಗೆ ನಡೆದುಬಂದವನೆಂಬ ಕೀರ್ತಿಯೊಂದನ್ನೇ ಹಿಡಿದು ಪಟ್ಟಣದಲ್ಲಿ ಭಾಷಣಕಾರನಾಗಿ ಬದುಕಬಹುದಾಗಿದ್ದ ತರುಣನು ಒಂದು ಸಣ್ಣ ಹಳ್ಳಿಯನ್ನು ಗುಡಿಸುತ್ತ ಕುಳಿತನು. ಅವರ ಬಾಳಿನಲ್ಲಿ ಯಾವ ಭಾಗವು ಕಠಿನತರವಾದುದೆಂದು ಕೇಳಿದರೆ, ಇದೇ ಎಂದು ಹೇಳುವವರು ಇದ್ದಾರು.

೧೯೪೨ರ ಆಗಸ್ಟ್ ತಿಂಗಳು ಬಂದಿತು. ಮುಂಬಯಿಯಲ್ಲಿ ಠರಾವಾದ ಮರುದಿನವೇ ಮಹಾತ್ಮರೂ ಇತರ ನಾಯಕರೂ ಬಂಧನದಲ್ಲಾದರು. ಪುಣೆಯ ಆಗಾಖಾನ್ ಅರಮನೆಯಲ್ಲಿ ವಾರದೊಳಗಾಗಿ ಮಹಾದೇವ ದೇಸಾಯರು ತೀರಿಕೊಂಡರು. ನಾಯಕರಿಲ್ಲದ ನಾಡಿನಲ್ಲಿ ಪ್ರತಿಯೊಬ್ಬನೂ ತನಗೆ ತಾನೇ ನಾಯಕನಾಗಬೇಕಾಯಿತು. ಕರ್ನಾಟಕದಲ್ಲಿ ರಂಗನಾಥ ದಿವಾಕರರೇ ಮೊದಲಾದವರು ಭೂಗತರಾಗಿ ಕೆಲಸ ನಡೆಯಿಸಿದರು. ತಂತಿಗಳನ್ನು ಕಡಿಯುವುದು, ಟಪಾಲನ್ನು ತಡೆಯುವುದು, ಚಾವಡಿಗಳ ದಫ್ತರಗಳನ್ನು ಸುಡುವುದು, ರೈಲಿನ ಸಂಚಾರವನ್ನು ಕೆಡಿಸುವುದು, ಹೀಗೆ ಪರಸರ್ಕಾರದ ಆಡಳಿತವೇ ನಡೆಯದಂತೆ ಮಾಡುವ ಯತ್ನವು ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿ ಬಹು ಜೋರಾಗಿ ಹಬ್ಬಿತು. ಹಾವೇರಿ ಸೀಮೆಯಲ್ಲಿ ಅದರ ಮುಂದಾಳು ಮಹಾದೇವಪ್ಪನವರು. ಹಗಲು ಅಡಗಿದ್ದು ರಾತ್ರಿ ನಡೆಯುವ ಬಾಳು ಅದು. ದಂಡಿಯ ದಾರಿಯಲ್ಲಿ ಪಳಗಿದ ಕಾಲುಗಳಿಗೆ ಮರಳಿ ಕೆಲಸ ಬಂದಿತು.

ಗಡಿಯಾಚೆ, ಮೈಸೂರು ಸಂಸ್ಥಾನದ ಶಿಕಾರಿಪುರ ತಾಲ್ಲೂಕಿನ ಈಸೂರು ಅದೇ ವರ್ಷ ತನ್ನನ್ನು ಸ್ವತಂತ್ರವೆಂದು ಸಾರಿಕೊಂಡಿತು. ಅಲ್ಲಿ ನಡೆದ ಗಲಭೆಯಲ್ಲಿ ಅಧಿಕಾರಿಗಳಿಬ್ಬರು ಹತರಾದದ್ದಕ್ಕಾಗಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ೧೯೪೩ರ ಮಾರ್ಚ್ ತಿಂಗಳಲ್ಲಿ ಗಲ್ಲಿಗೇರಿಸಿದರು. ಅದು ನಡೆದದ್ದು ಬೇರೆಲ್ಲಿಯೂ ಅಲ್ಲ, ಇದೇ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ. ಆ ಜೈಲು ಇಂದು ಇಲ್ಲ. ಅದರ ನೆಲವೇ ಈಗಿನ ಫ್ರೀಡಂ ಪಾರ್ಕು. ಮೆರವಣಿಗೆಗಳ ಗದ್ದಲದಲ್ಲಿ ಆ ಐವರ ನೆನಪು ಅಲ್ಲಿಗೆ ಹೋಗುವವರಿಗೆ ಬರುವುದೋ ಇಲ್ಲವೋ. ಈಸೂರಿನವರ ಗಲ್ಲಿನ ಸುದ್ದಿಯು ಹಾವೇರಿ ಸೀಮೆಗೆ ತಲುಪಿ ಇನ್ನೂ ತಿಂಗಳು ತುಂಬಿರಲಿಲ್ಲ. ಮಹಾತ್ಮರು ಫೆಬ್ರವರಿ ೧೦ಕ್ಕೆ ಆರಂಭಿಸಿದ ಇಪ್ಪತ್ತೊಂದು ದಿನದ ಉಪವಾಸವು ಮಾರ್ಚ್ ೩ಕ್ಕೆ ಮುಗಿದಿತ್ತು. ಆ ದಿನಗಳ ಮನಸ್ಸಿನ ಕಾವನ್ನು ತಿಳಿಯದೆ ಮುಂದಿನ ಸಂಗತಿಯು ತಿಳಿಯಲಾರದು.

ಇಲ್ಲಿ ಒಂದು ಪ್ರಶ್ನೆಯು ಏಳುವುದು ಸಹಜ. ಅದನ್ನು ಮುಚ್ಚಿಡುವುದರಿಂದ ಹುತಾತ್ಮರಿಗೆ ಗೌರವವಾಗದು. ದಂಡಿಯಲ್ಲಿ ಮಹಾತ್ಮರ ಬೆನ್ನ ಹಿಂದೆ ಅಹಿಂಸೆಯ ವ್ರತದಿಂದ ನಡೆದವರು ಹನ್ನೆರಡು ವರ್ಷಗಳ ಮೇಲೆ ಗುಪ್ತವಾಗಿ ವಿಧ್ವಂಸದ ಕಾರ್ಯಕ್ಕೆ ಕೈಹಾಕಿದ್ದು ಗುರುವಾಕ್ಯಕ್ಕೆ ತಪ್ಪಿದಂತಾಗಲಿಲ್ಲವೆ? ೧೯೪೪ರಲ್ಲಿ ಬಿಡುಗಡೆಯಾಗಿ ಬಂದ ಮಹಾತ್ಮರು ಗುಪ್ತಕಾರ್ಯವನ್ನು ಮೆಚ್ಚದೆ, ಭೂಗತರಾದವರು ಹೊರಬಂದು ತಮ್ಮನ್ನು ಒಪ್ಪಿಸಿಕೊಳ್ಳಬೇಕೆಂದು ಸಲಹೆಯಿತ್ತದ್ದೂ, ದಿವಾಕರರು ಅದರಂತೆ ನಡೆದದ್ದೂ ನಿಜ. ಕರ್ನಾಟಕದ ಕಾರ್ಯಕರ್ತರಾದರೋ ಸರ್ಕಾರದ ಸೊತ್ತನ್ನು ಕೆಡಿಸಬಹುದು, ಮನುಷ್ಯರ ಪ್ರಾಣ ತೆಗೆಯಲಾಗದೆಂದು ತಮಗೆ ತಾವೇ ಒಂದು ಗೆರೆಯನ್ನು ಎಳೆದುಕೊಂಡಿದ್ದರು. ಆ ಗೆರೆಯು ತೆಳುವಾದುದು. ಬಂದೂಕು ಹಿಡಿದವರ ಮುಂದೆ ನಿಂತಾಗ ಇನ್ನೂ ತೆಳುವಾಗುವುದು. ಕಲ್ಯಾಣದಲ್ಲಿ ಹರಳಯ್ಯ ಮಧುವಯ್ಯಗಳ ಎಳೆಹೂಟೆಯ ತರುವಾಯ ಶರಣರಲ್ಲಿಯೂ ಇದೇ ಕವಲು ಒಡೆದಿತ್ತೆಂಬುದನ್ನು ಚರಿತ್ರೆಯನ್ನು ಓದಿದವರು ಬಲ್ಲರು. ಸಂಗಮಕ್ಕೆ ತೆರಳಿದವರೂ ಶರಣರೇ, ವಚನದ ಕಟ್ಟುಗಳನ್ನು ಕಾಯುತ್ತ ಉಳವಿಯವರೆಗೆ ಸೈನ್ಯದೊಡನೆ ಹೋರಾಡಿದವರೂ ಶರಣರೇ. ಮಹಾದೇವಪ್ಪನವರ ಮಾರ್ಗವನ್ನು ಒಪ್ಪದವರೂ ಒಂದನ್ನು ಮಾತ್ರ ಒಪ್ಪಲೇಬೇಕು: ಅವರು ಇತರರನ್ನು ಮುಂದಕ್ಕೆ ತಳ್ಳಿ ತಾವು ಹಿಂದೆ ನಿಂತವರಲ್ಲ.

ಹೊಸರಿತ್ತಿಯು ವರದಾ ನದಿಯ ದಡದ ಊರು. ಗುದ್ದಲೀಶ್ವರ ಮಠದಿಂದ ಆ ಸೀಮೆಯ ಭಕ್ತರಿಗೆಲ್ಲ ಪರಿಚಿತವಾದುದು. ರೈತರಿಂದ ವಸೂಲು ಮಾಡಿದ ಕಂದಾಯದ ಹಣವನ್ನು ಸರ್ಕಾರದವರು ಅಲ್ಲಿಯ ವೀರಭದ್ರದೇವರ ಗುಡಿಯಲ್ಲಿ ಇಟ್ಟು, ಬಂದೂಕಿನ ಪೊಲೀಸರನ್ನು ಪಹರೆಗೆ ಹಾಕಿದ್ದರು. ದೇವರ ಗುಡಿಯೇ ಖಜಾನೆಯಾಗಿತ್ತು. ಯುದ್ಧದ ಕಾಲ, ಕಾಳುಕಡಿಗಳ ಅಭಾವ, ಬೆಲೆಗಳ ಏರಿಕೆ. ಆ ಹಣವು ಯಾರ ಹೊಟ್ಟೆಯಿಂದ ಬಂದದ್ದೆಂಬುದನ್ನು ಆಶ್ರಮದ ದಿನಗಳಿಂದ ಆ ಹಳ್ಳಿಗಳನ್ನು ಬಲ್ಲ ಮಹಾದೇವಪ್ಪನವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ೧೯೪೩ರ ಏಪ್ರಿಲ್ ೧ರಂದು ಅವರು ಸಂಗಡಿಗರೊಡನೆ ಆ ಗುಡಿಯನ್ನು ಹೊಕ್ಕರು. ಪೊಲೀಸರ ಗುಂಡುಗಳು ಹಾರಿದವು. ಮಹಾದೇವಪ್ಪನವರೂ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬ ಇಬ್ಬರು ಸಂಗಡಿಗರೂ ಆ ಗುಂಡುಗಳಿಗೆ ಬಲಿಯಾದರು. ದಂಡಿಯಲ್ಲಿ ಮಹಾತ್ಮರು ಉಪ್ಪನ್ನೆತ್ತಿದ ಬೆಳಗಿಗೆ ಹದಿಮೂರು ವರ್ಷ ತುಂಬುವುದಕ್ಕೆ ಇನ್ನು ಐದು ದಿನಗಳಿದ್ದವು.

ಈ ಮೂವರ ಹೆಸರುಗಳನ್ನು ಸಾಲಾಗಿ ಓದಿದಾಗ ಭಕ್ತರ ಮನಸ್ಸಿನಲ್ಲಿ ಏನೋ ಒಂದು ಮೂಡದೆ ಇರದು. ಹೊಲದ ಒಕ್ಕಲಿನ ಊರಿನವನೊಬ್ಬ. ಹೆಸರೇ ಹೇಳುವಂತೆ ಮಡಿವಾಳರ ಮನೆಯವನೊಬ್ಬ. ಹಿರೇಮಠದ ಅಯ್ಯನವರ ಮನೆಯವನೊಬ್ಬ. ಅನುಭವಮಂಟಪದಲ್ಲಿ ಮಡಿವಾಳ ಮಾಚಯ್ಯಗಳು ಕುಳಿತಿದ್ದ ಸಾಲು ಯಾವುದೆಂದು ಹೇಳಲು ಪುರಾಣವನ್ನು ತೆರೆಯಬೇಕು. ಹೊಸರಿತ್ತಿಯಲ್ಲಿ ಮಾತ್ರ, ವೀರಭದ್ರನ ಸನ್ನಿಧಿಯಲ್ಲಿ, ಆ ಸಾಲು ನೆಲದ ಮೇಲೆಯೇ ಬರೆದಂತೆ ಕಂಡಿತು. ಒಬ್ಬರ ಹೆಸರನ್ನು ಹೇಳುವಾಗ ಉಳಿದಿಬ್ಬರನ್ನು ಬಿಡುವುದು ಈಚೆಗೆ ಬಹಳವಾಗಿದೆ. ಮೈಲಾರದವರು ಬದುಕಿದ್ದರೆ ಅದನ್ನು ಸಹಿಸುತ್ತಿರಲಿಲ್ಲವೆಂದು ಭಾವಿಸಿದರೆ ತಪ್ಪಾಗಲಾರದು.

ನಾಲ್ಕು ವರ್ಷಗಳ ಮೇಲೆ ಸ್ವಾತಂತ್ರ್ಯವು ಬಂದಿತು. ಅದನ್ನು ಕಂಡದ್ದು ಸಿದ್ದಮ್ಮನವರು. ಗಂಡನೊಡನೆ ಸಾಬರಮತಿಗೆ ಹೋದವರು, ಗಂಡನ ಹಾಗೆಯೇ ಸೆರೆಮನೆಯನ್ನುಂಡವರು, ಗಂಡನಿಲ್ಲದ ಬಾಳನ್ನು ಸ್ವತಂತ್ರ ಭಾರತದಲ್ಲಿ ಬಾಳಿದರು. ದಂಡಿಗೆ ನಡೆದ ಅನೇಕರು ಮುಂದೆ ಮಂತ್ರಿಗಳನ್ನೂ ಸಭೆಗಳನ್ನೂ ನೋಡಿದರು. ಕರ್ನಾಟಕದಿಂದ ನಡೆದ ಒಬ್ಬನೇ ಒಬ್ಬನು ಅದಾವುದನ್ನೂ ನೋಡಲಿಲ್ಲ.

ಹಾವೇರಿಯಲ್ಲಿ ಅವರ ಸ್ಮಾರಕವಿದೆ. ಅಂಚೆ ಇಲಾಖೆಯು ಅವರ ಚಿತ್ರದ ಅಂಚೆಚೀಟಿಯನ್ನು ಹೊರಡಿಸಿದೆ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ೧೯೧೫ರಲ್ಲಿ ಹುಟ್ಟಿದಾಗ ಮೋಟೆಬೆನ್ನೂರಿನ ಈ ಬಾಲಕನಿಗೆ ನಾಲ್ಕು ವರ್ಷ. ಅದೇ ಪರಿಷತ್ತು ತನ್ನ ಎಂಬತ್ತಾರನೆಯ ಸಮ್ಮೇಳನವನ್ನು ೨೦೨೩ರ ಜನವರಿಯಲ್ಲಿ ಹಾವೇರಿಯಲ್ಲಿ ನಡೆಯಿಸಿತು. ಬೆಂಗಳೂರಿನಿಂದ ಅಲ್ಲಿಗೆ ಹೋದ ಸಾಹಿತ್ಯಾಭಿಮಾನಿಗಳಿಗೆ ಲೆಕ್ಕವಿಲ್ಲ. ರೈಲಿನಲ್ಲಿ ಹೋದವರು ಇಳಿದ ನಿಲ್ದಾಣದ ಫಲಕದ ಮೇಲೆ ಬರೆದಿರುವ ಹೆಸರು ಮಹಾದೇವಪ್ಪ ಮೈಲಾರರದೇ. ಅಲ್ಲಿಂದ ಹೊಸರಿತ್ತಿಗೆ ವರದೆಯ ಕಡೆಯ ದಾರಿ ಹಿಡಿಯಬೇಕು. ವೀರಭದ್ರದೇವರ ಗುಡಿಯನ್ನು ಊರಿನ ಯಾರನ್ನು ಕೇಳಿದರೂ ತೋರಿಸುವರು.